ಕಟಿಂಗ್ ಪೇಪರ್ ಮೇಲೆ ಬರ್ಕೊಂಡ ಸಿನಿಮಾಗಳು

ಮೊದಲೇ ಹೇಳ್ಬಿಡ್ತೀನಿ, ನಾನು ವಿಮರ್ಶಕ ಅಲ್ಲ. ಮೈಸೂರಲ್ಲಿ ಅಗ್ರಹಾರದ ಹತ್ರ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ, ಬಿಲ್ ಬುಕ್ಕು, ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಇಷ್ಟೇ ನಮ್ಮ ಸಾಹಿತ್ಯ ಸೇವೆ. ಆದ್ರೆ 2007ರಿಂದ ಇವತ್ತಿನವರೆಗೆ ನೋಡಿದ ಒಂದೊಂದು ಸಿನಿಮಾಗೂ ಒಂದೊಂದು ಚೀಟಿ ಬರೆದಿಟ್ಟಿದೀನಿ. ಹೋದ ತಿಂಗಳು ಕೂತು ಎಣಿಸಿದೆ, ಸಾವಿರದ ನೂರು ಚಿಲ್ರೆ ಇದಾವೆ. ಮಧ್ಯ ಮೂರು ವರ್ಷದ್ದು ಇಲ್ಲ, ಅದರ ಕಥೆ ಆಮೇಲೆ ಹೇಳ್ತೀನಿ.

ಚೀಟಿ ಯಾಕೆ ಅಂದ್ರೆ, ಪ್ರೆಸ್ಸಲ್ಲಿ ಪೇಪರ್ ಕಟ್ ಮಾಡಿದ ಮೇಲೆ ಅಂಚಲ್ಲಿ ಉದ್ದುದ್ದ ತುಂಡು ಉಳಿಯುತ್ತೆ, ಒಳ್ಳೆ ಪೇಪರೇ, ಆದ್ರೆ ಯಾವ ಕೆಲಸಕ್ಕೂ ಬರಲ್ಲ, ತೂಕಕ್ಕೆ ಹಾಕ್ತೀವಿ. ಅದನ್ನ ಅಂಗೈ ಅಗಲಕ್ಕೆ ಕತ್ತರಿಸಿ ಕಟ್ಟು ಕಟ್ಟಿ ಇಟ್ಕೋತಿದ್ದೆ. ಒಂದು ಚೀಟೀಲಿ ನನ್ನ ಅಕ್ಷರಕ್ಕೆ ಏಳು ಸಾಲು ಹಿಡಿಯುತ್ತೆ. ಹಿಂದೆ ತಿರುಗಿಸಿ ಬರೆಯೋ ಹಾಗಿಲ್ಲ ಅಂತ ನಾನೇ ಮಾಡ್ಕೊಂಡ ರೂಲು.

ಸಿನಿಮಾ ಹುಚ್ಚು ಹತ್ತಿದ್ದು ನಮ್ಮಪ್ಪನಿಂದ ಅಂತ ಹೇಳಿದ್ರೆ ಅವರು ಬೈತಾರೆ, ಆದ್ರೂ ಅದೇ ನಿಜ. ಅಪ್ಪನ ಕಾಲದಲ್ಲಿ ಕಾಲಲ್ಲಿ ತುಳಿಯೋ ಟ್ರೆಡಲ್ ಮಷಿನ್ನು, ಅಚ್ಚಿನ ಮೊಳೆ ಒಂದೊಂದೇ ಜೋಡಿಸಿ ಪ್ರಿಂಟ್ ಮಾಡೋದು. ಥಿಯೇಟರಿನವರು ಹ್ಯಾಂಡ್‌ಬಿಲ್ ಮಾಡಿಸೋಕೆ ಬರೋರು, ದುಡ್ಡು ಯಾವಾಗ ಕೊಡ್ತಿದ್ರೋ ಗೊತ್ತಿಲ್ಲ, ಪಾಸು ಮಾತ್ರ ತಪ್ಪದೆ ಕೊಡೋರು. ಅಪ್ಪ ರಾಜ್‌ಕುಮಾರ್ ಸಿನಿಮಾ ಬಿಟ್ಟು ಬೇರೇದಕ್ಕೆ ಹೋಗ್ತಿರಲಿಲ್ಲ, ಹಾಗಾಗಿ ಉಳಿದ ಪಾಸೆಲ್ಲ ನಂಗೆ. ಗಾಯತ್ರಿ, ಶಾಂತಲಾ, ಲಕ್ಷ್ಮಿ, ಒಲಂಪಿಯಾ, ಎಲ್ಲಿ ಯಾವ ಸೀಟಿನ ಸ್ಪ್ರಿಂಗು ಚುಚ್ಚುತ್ತೆ ಅನ್ನೋದು ಕೂಡ ಗೊತ್ತಿತ್ತು. ಶಾಂತಲಾ, ಲಕ್ಷ್ಮಿ ಎರಡೂ ಈಗ ಮುಚ್ಚಿದಾವೆ.

ನೋಡಿದ್ದೇನೋ ರಾಶಿ ನೋಡಿದ್ದೆ, ಆದ್ರೆ ಯಾರಾದ್ರೂ ಹೇಗಿದೆ ಅಂತ ಕೇಳಿದ್ರೆ ನನ್ನ ಬಾಯಲ್ಲಿ ಬರ್ತಿದ್ದಿದ್ದು ಎರಡೇ ಮಾತು, ಸೂಪರ್ ಗುರು, ಇಲ್ಲಾಂದ್ರೆ ತಲೆನೋವು. ಒಂದ್ಸಲ ನನ್ನ ಭಾವಮೈದ, ಅವನು ಕಾಲೇಜಲ್ಲಿ ಪಾಠ ಮಾಡ್ತಾನೆ, ಸೂಪರ್ ಅಂದ್ರೆ ಏನು ಭಾವ ಅಂತ ಕೇಳಿದ. ಉತ್ತರ ಬರ್ಲಿಲ್ಲ. ಅವಮಾನ ಆಯ್ತು ಅಂತಲೇ ಇಟ್ಕೊಳ್ಳಿ. ಅವತ್ತಿಂದ ಬರೆಯೋಣ ಅಂತ ಶುರು ಮಾಡಿದ್ದು.

ಮೊದಲು ಸ್ಟಾರ್ ಕೊಡೋಕೆ ಹೋದೆ, ಐದಕ್ಕೆ ಎಷ್ಟು ಅಂತ. ಎರಡು ತಿಂಗಳಾದ್ಮೇಲೆ ನೋಡಿದ್ರೆ ಎಲ್ಲಕ್ಕೂ ಮೂರು, ಮೂರು, ಮೂರೂವರೆ. ನಾನೇನು ಎಸ್ಸೆಸ್ಸೆಲ್ಸಿ ಪೇಪರ್ ತಿದ್ತಿದೀನಾ ಅನ್ನಿಸ್ತು. ಆಮೇಲೆ ದೊಡ್ಡ ಲೆಡ್ಜರ್ ಬುಕ್ಕಲ್ಲಿ ಎರಡೆರಡು ಪುಟ ಬರೆಯೋಕೆ ಶುರು ಮಾಡಿದೆ, ಕಥೆ ಹೇಳೋದ್ರಲ್ಲೇ ಒಂದೂವರೆ ಪುಟ ಹೋಗ್ತಿತ್ತು, ಹನ್ನೊಂದು ಸಿನಿಮಾಗೆ ಸುಸ್ತಾಗಿ ನಿಲ್ಸಿದೆ. ಥಿಯೇಟರ್ ಒಳಗೇ ಪಾಯಿಂಟ್ ಬರ್ಕೊಳ್ಳೋಣ ಅಂತ ಕೀ ಚೈನಿನ ಸಣ್ಣ ಟಾರ್ಚ್ ತಗೊಂಡು ಹೋಗಿ ಹಿಂದಿನ ಸೀಟಿನವರ ಹತ್ರ ಬೈಸ್ಕೊಂಡಿದ್ದೂ ಆಯ್ತು, ಬೈದಿದ್ದು ನ್ಯಾಯವೇ. ಈ ಚೀಟಿ ಅನ್ನೋದು ಸಿಕ್ಕಿದ್ದು ಆಕಸ್ಮಿಕ, ಸೆಕೆಂಡ್ ಶೋ ಮುಗಿಸಿ ಬಂದು ಅರ್ಜೆಂಟ್ ಕೆಲಸ ಒಂದಿದೆ ಅಂತ ಪ್ರೆಸ್ ಬಾಗಿಲು ತೆಗೆದೆ, ಮಷಿನ್ ಬಿಸಿಯಾಗೋವರೆಗೆ ಸುಮ್ನೆ ಕಟಿಂಗ್ ತುಂಡಿನ ಮೇಲೆ ಗೀಚಿದೆ, ಬೆಳಗ್ಗೆ ಓದಿದ್ರೆ ಪರವಾಗಿಲ್ವೇ, ಇದು ನಾನೇ ಮಾತಾಡ್ದಂಗಿದೆ ಅನ್ನಿಸ್ತು.

ಆ ಮೊದಲ ಚೀಟಿ ಮುಂಗಾರು ಮಳೆದು. 2006ರ ಡಿಸೆಂಬರ್ ಕೊನೇಲಿ ರಿಲೀಸ್ ಆಗಿದ್ದು, ನಾನು ನೋಡಿದ್ದು ಜನವರೀಲಿ. ಚೀಟೀಲಿ ಇರೋದು ಹೀಗೆ: "ಹಾಡು ಚಿನ್ನ. ಕಥೆ ಎಲ್ಲಿ? ಹುಡುಗನಿಗೆ ಕೆಲಸ ಇಲ್ಲ. ಮೊಲ ಸತ್ತಾಗ ಪಕ್ಕದವನು ಅತ್ತ, ನಾನು ನಗ್ತಿದ್ದೆ, ಆಮೇಲೆ ನಗು ನಿಂತುಹೋಯ್ತು." ಅಷ್ಟೇ. ಕಥೆ ಎಲ್ಲಿ ಅಂತ ಕೇಳಿರೋದು ಈಗ ನೋಡಿದ್ರೆ ನಾಚಿಕೆ ಆಗುತ್ತೆ. ಆಮೇಲೆ ನಾಲ್ಕು ಸಲ ನೋಡಿದೀನಿ, ಆ ಸಿನಿಮಾದಲ್ಲಿ ಮಳೆ ಸುಮ್ನೆ ಹಿಂದೆ ಸುರಿತಾ ಇರೋದಲ್ಲ, ಅವರಿಬ್ರೂ ಮಾತಾಡೋಕೆ ಆಗ್ದೆ ಇರೋದನ್ನೆಲ್ಲ ಅದೇ ಮಾತಾಡುತ್ತೆ, ಮಳೆ ತೆಗೆದ್ರೆ ನಿಜವಾಗ್ಲೂ ಕಥೆ ಇಲ್ಲ, ಆದ್ರೆ ಯಾಕ್ರೀ ತೆಗೀಬೇಕು. ಹಳೇ ಚೀಟಿ ಹರಿದು ಹಾಕಿಲ್ಲ. ಅದಕ್ಕೇ ಇನ್ನೊಂದು ಚೀಟಿ ಪಿನ್ ಹೊಡೆದಿದೀನಿ.

ಇದು ನನ್ನ ಮುಖ್ಯವಾದ ರೂಲು, ಹಳೇ ಅಭಿಪ್ರಾಯ ತಿದ್ದಬಾರದು, ಮೇಲೆ ಹೊಸದನ್ನ ಪಿನ್ ಮಾಡ್ಬೇಕು. ಇನ್ನೊಂದು, ಬರೆಯೋವರೆಗೆ ಯಾರ ಹತ್ರನೂ ಸಿನಿಮಾ ಬಗ್ಗೆ ಮಾತಾಡಬಾರದು, ಹೆಂಡತಿ ಹತ್ರನೂ. ಇದು ಬಲು ಕಷ್ಟ. ಥಿಯೇಟರಿಂದ ಮನೆಗೆ ಸ್ಕೂಟರಲ್ಲಿ ಇಪ್ಪತ್ತು ನಿಮಿಷ, ಹಿಂದೆ ಕೂತೋಳು ಪೂರ್ತಿ ಸಿನಿಮಾ ಬಿಡಿಸಿ ಹೇಳ್ತಿರ್ತಾಳೆ, ನಾನು ಹೂಂ ಅಂತಲೂ ಅನ್ನಲ್ಲ. ಮೊದಮೊದಲು ಮುನಿಸ್ಕೊಂಡಿದ್ಲು, ಈಗ ಬಿಡಿ ಅವರು ಚೀಟಿ ಬರೀಬೇಕು ಅಂತ ಅಕ್ಕನ ಹತ್ರ ಫೋನಲ್ಲಿ ನಗ್ತಾಳೆ. ಆದ್ರೆ ಯಾಕೆ ಹೀಗೆ ಅಂದ್ರೆ, ಯಾರಾದ್ರೂ ಒಬ್ರು ಕ್ಲೈಮ್ಯಾಕ್ಸ್ ಬೆಂಕಿ ಅಂದ್ಬಿಟ್ರೆ ನಂಗೂ ಅದು ಬೆಂಕಿ ಅನ್ನಿಸ್ಬಿಡುತ್ತೆ, ನಂದು ಸ್ವಲ್ಪ ಮೆತ್ತಗಿನ ಮನಸ್ಸು, ಯಾರು ಒತ್ತಿದ್ರೂ ಅಚ್ಚಾಗುತ್ತೆ.

ಚೀಟೀಲಿ ಏನು ಬರೀತೀನಿ? ಕಣ್ಣಲ್ಲಿ ಉಳಿದ ಒಂದು ವಸ್ತು ಅಥವಾ ಮುಖ, ಕಿವೀಲಿ ಉಳಿದ ಒಂದು ಸದ್ದು, ಆಮೇಲೆ ಗಡಿಯಾರ ನೋಡ್ಕೊಂಡಿದ್ದು ಯಾವ ಜಾಗದಲ್ಲಿ ಅಂತ. ಗಡಿಯಾರ ನೋಡ್ಕೊಂಡ ಜಾಗ ಸುಳ್ಳು ಹೇಳಲ್ಲ. ಎಷ್ಟೋ ಸಲ ಹೊರಗೆ ಬಂದು ಅದ್ಭುತ ಅಂತ ತಲೆಯಾಡ್ಸಿದ ಸಿನಿಮಾದಲ್ಲಿ ನಾನು ಮೂರು ಸಲ ಟೈಮ್ ನೋಡಿರ್ತೀನಿ.

ಕೆಲವು ಚೀಟಿ ಹಾಗೇ ಹೇಳ್ತೀನಿ, ಸ್ವಲ್ಪ ಬಿಡಿಸಿ.

ತಿಥಿ, 2016ರಲ್ಲಿ ಇಲ್ಲಿ ರಿಲೀಸ್ ಆದಾಗ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಅದಕ್ಕೆ ಮುಂಚಿನ ವರ್ಷ ಸ್ವಿಟ್ಜರ್‌ಲ್ಯಾಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು, ನಾನು ಆರ್ಟ್ ಸಿನಿಮಾ ಅಂತ ಸ್ವಲ್ಪ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತಿದ್ದೆ, ಅಮ್ಮ ಐದು ನಿಮಿಷದಲ್ಲಿ ನಗೋಕೆ ಶುರು ಮಾಡಿದ್ರು. ಸೆಂಚುರಿ ಗೌಡ ದಾರೀಲಿ ಹೋಗೋರನ್ನೆಲ್ಲ ಬೈಯೋದು ನೋಡಿ, ಇವನು ನಮ್ಮ ದೊಡ್ಡಪ್ಪನೇ ಕಣೋ ಅಂದ್ರು. ಅಮ್ಮನ ತವರು ಮಂಡ್ಯ ಕಡೆ. ಇದೇನು ಸಿನಿಮಾನಾ, ನಮ್ಮೂರಲ್ಲಿ ದಿನಾ ನಡೆಯೋದೇ ಅಲ್ವಾ ಅಂತ ಇಂಟರ್‌ವಲ್ಲಲ್ಲಿ ಕೇಳಿದ್ರು, ನಂಗೆ ಅದಕ್ಕಿಂತ ಒಳ್ಳೆ ಅಭಿಪ್ರಾಯ ಆ ಸಿನಿಮಾ ಬಗ್ಗೆ ಇನ್ನೂ ಎಲ್ಲೂ ಸಿಕ್ಕಿಲ್ಲ. ಚೀಟೀಲಿ ಬರೆದಿದ್ದು ಸೆಂಚುರಿ ಗೌಡನ ಮಗ ಗಡ್ಡಪ್ಪನ ನಡಿಗೆ. ಆ ಮುದುಕ ಸುಮ್ನೆ ನಡೀತಾನೇ ಇರ್ತಾನೆ, ಜಮೀನು ಬೇಡ, ಮನೆ ಬೇಡ, ಜೇಬಲ್ಲೊಂದು ಕ್ವಾರ್ಟರ್ ಬಾಟ್ಲು ಇದ್ರೆ ಸಾಕು, ಮಗ ತಮ್ಮಣ್ಣ ಜಮೀನು ಮಾರೋಕೆ ಓಡಾಡಿ ಸಾಯ್ತಾ ಇರ್ತಾನೆ. ಸಿನಿಮಾ ನಟರಲ್ಲದ ಊರಿನ ಜನನ್ನ ತಂದು ನಿಲ್ಲಿಸಿ ಇಂಥಾದ್ದು ತೆಗೆಸಿದಾರೆ ಅಂದ್ರೆ ರಾಮ್ ರೆಡ್ಡಿಗೂ, ಕಥೆ ಬರೆಯೋದ್ರಲ್ಲಿ ಜೊತೆಗಿದ್ದ ಈರೇಗೌಡ್ರಿಗೂ ಕೈಮುಗೀಬೇಕು. ಗಡಿಯಾರ ನೋಡ್ಕೊಂಡಿದ್ದು: ಒಂದ್ಸಲ, ಮೊಮ್ಮಗ ಕುರಿ ಕಾಯೋ ಹುಡುಗಿ ಹಿಂದೆ ಸುತ್ತೋ ಭಾಗದಲ್ಲಿ. ನಾವು ತಿಥಿ ಕಾರ್ಡ್ ಪ್ರಿಂಟ್ ಮಾಡೋರು, ಆಮೇಲೆ ಒಂದು ವಾರ ಯಾರು ಕಾರ್ಡ್ ಮಾಡಿಸೋಕೆ ಬಂದ್ರೂ ಇವರ ಮನೇಲಿ ಜಮೀನಿನ ಕಥೆ ಏನಿದೆಯೋ ಅಂತ ಮುಖ ನೋಡ್ತಿದ್ದೆ.

ಲೂಸಿಯಾ, 2013. ಜನರ ಹತ್ರ ದುಡ್ಡು ಹಾಕ್ಸಿ ಪವನ್ ಕುಮಾರ್ ಮಾಡಿದ್ದು. ಎಲ್ರೂ ಆ ಕನಸು ಯಾವ್ದು ನಿಜ ಯಾವ್ದು ಅಂತ ಜಗಳ ಆಡ್ತಿದ್ರು, ನನ್ನ ಚೀಟೀಲಿ ಅದರ ಮಾತೇ ಇಲ್ಲ. ಥಿಯೇಟರಲ್ಲಿ ಟಾರ್ಚ್ ಬಿಡೋ ಹುಡುಗ, ಅವನಿಗೆ ಅಣ್ಣನ ಥರ ಇರೋ ಥಿಯೇಟರ್ ಓನರ್ ಶಂಕ್ರಣ್ಣ, ಅಚ್ಯುತ್ ಕುಮಾರ್ ಮಾಡಿರೋದು, ಅವರಿಬ್ರೇ ನಂಗೆ ಸಿನಿಮಾ. ಟಾರ್ಚ್ ಹುಡುಗರನ್ನ ನಾನು ಬಾಲ್ಯದಿಂದ ನೋಡಿದೀನಿ, ಅವರನ್ನ ಸಿನಿಮಾ ಒಳಗೆ ಯಾರೂ ತಂದಿದ್ದು ನಾನು ನೋಡಿರಲಿಲ್ಲ. ಟ್ವಿಸ್ಟ್ ಜಾಣತನ, ಬುದ್ಧಿಗೆ ಖುಷಿ ಕೊಡುತ್ತೆ, ಆದ್ರೆ ಟ್ವಿಸ್ಟ್ ಗೊತ್ತಾದ್ಮೇಲೆ ಎರಡನೇ ಸಲ ನೋಡೋಕೆ ನನ್ನ ಕೂರಿಸಿದ್ದು ಶಂಕ್ರಣ್ಣ.

ಉಳಿದವರು ಕಂಡಂತೆ, 2014. ಇದರ ಚೀಟಿ ಓದಿದ್ರೆ ನನ್ನ ಮಗಳು ನನ್ನನ್ನ ಮನೆಯಿಂದ ಆಚೆ ಹಾಕ್ತಾಳೆ. "ಅರ್ಥ ಆಗ್ಲಿಲ್ಲ. ಹುಲಿ ವೇಷ ಜೋರು. ಮೂರು ಸಲ ಟೈಮ್ ನೋಡಿದೆ. ರತ್ನಕ್ಕನ ಕಥೇನೇ ಒಂದು ಸಿನಿಮಾ ಮಾಡ್ಬಹುದಿತ್ತು." ಥಿಯೇಟರಲ್ಲಿ ಅದು ಓಡ್ಲಿಲ್ಲ, ಆಮೇಲೆ ಹುಡುಗರೆಲ್ಲ ಅದನ್ನ ತಲೆ ಮೇಲೆ ಹೊತ್ಕೊಂಡು ಮೆರೆಸಿದ್ರು. ನಾನೂ ಎರಡು ಸಲ ಮತ್ತೆ ನೋಡಿದೆ. ಮಲ್ಪೆ ಸಮುದ್ರ, ಅಜನೀಶ್ ಮ್ಯೂಸಿಕ್ಕು, ಒಂದೇ ಘಟನೆ ಐದು ಜನರ ಕಣ್ಣಲ್ಲಿ, ಎಲ್ಲ ಸರಿ, ಈಗ ಅರ್ಥನೂ ಆಗುತ್ತೆ. ಆದ್ರೆ ಹಠ ಅನ್ನಿ ಏನನ್ನಿ, ರತ್ನಕ್ಕನ ಪಾರ್ಟ್ ಮಾಡಿರೋ ತಾರಾ ಮಗನಿಗೆ ಕಾಯೋ ಭಾಗ ಬಿಟ್ರೆ ಉಳಿದಿದ್ದು ನಂಗೆ ಇನ್ನೂ ಬರೀ ಸ್ಟೈಲ್ ಥರಾನೇ ಕಾಣುತ್ತೆ. ಪಿನ್ ಹೊಡೆದ ಚೀಟೀಲಿ ಅದನ್ನೇ ಬರೆದಿದೀನಿ, ಸ್ವಲ್ಪ ಮರ್ಯಾದೆಯಾಗಿ.

ಗೋಧಿ ಬಣ್ಣ ಸಾಧಾರಣ ಮೈಕಟ್ಟು: ಅರ್ಧ ಸಿನಿಮಾ ಎದೇಲಿಟ್ಕೊಂಡಿದೀನಿ, ಇನ್ನರ್ಧ ಆ ರೌಡಿ ಗಲಾಟೆ ಯಾಕೆ ಬೇಕಿತ್ತೋ. ಮರೆವಿನ ಕಾಯಿಲೆ ಬಂದ ಅಪ್ಪ ಕಳೆದುಹೋಗಿದಾನೆ ಅಂದ್ರೆ ಅಷ್ಟೇ ಸಾಕಾಗಲ್ವಾ ಭಯಕ್ಕೆ, ಗನ್ನು ಬೇಕಾ? ಅನಂತ್‌ನಾಗ್ ಕಪ್ಪು ನಾಯಿ ಬಿಳಿ ನಾಯಿ ಕಥೆ ಹೇಳೋವಾಗ ಹಾಲ್ ಪೂರ್ತಿ ಗಪ್‌ಚುಪ್.

ರಾಮಾ ರಾಮಾ ರೇ, ಸಣ್ಣ ಸಿನಿಮಾ, ಗಲ್ಲಿಂದ ತಪ್ಪಿಸ್ಕೊಂಡವನು, ಗಲ್ಲು ಹಾಕೋಕೆ ಹೊರಟ ಮುದುಕ, ಇಬ್ರೂ ಒಂದೇ ಜೀಪಲ್ಲಿ. ಚೀಟೀಲಿ: "ಧೂಳು. ಮುದುಕನ ಕೈ. ಟೈಮ್ ನೋಡ್ಲೇ ಇಲ್ಲ." ಜೀಪಿಗೆ ಮಧ್ಯ ಮಧ್ಯ ಹತ್ಕೊಳ್ಳೋ ಜನ ಸ್ವಲ್ಪ ನಾಟಕದ ಥರ ಮಾತಾಡ್ತಾರೆ, ಅಷ್ಟು ಬಿಟ್ರೆ ಒಂದು ಕೊರತೆ ಇಲ್ಲ.

ಕಾಂತಾರ ಬಗ್ಗೆ ಮನೇಲಿ ಜಗಳ ಆಗಿತ್ತು. ಕೊನೇ ಇಪ್ಪತ್ತು ನಿಮಿಷ ನಾನೂ ಸೀಟಿನ ತುದೀಲಿ ಇದ್ದೆ, ಮೈ ಜುಮ್ ಅಂದಿದ್ದು ಸುಳ್ಳಲ್ಲ, ರಿಷಬ್ ಶೆಟ್ಟಿ ಆ ಕ್ಲೈಮ್ಯಾಕ್ಸಲ್ಲಿ ಮಾಡಿದ್ದು ಬೇರೆ ಯಾರ ಕೈಲೂ ಆಗ್ತಿರಲಿಲ್ಲ. ಮಗಳು ಮಾತ್ರ ಆ ಹುಡುಗಿ ಸೊಂಟ ಚಿವುಟೋ ಸೀನ್ ಬಗ್ಗೆ ಅಪ್ಪ ನೀನು ಬರೀತೀಯ ತಾನೇ ಅಂದ್ಲು. ನಿಜ ಹೇಳ್ಬೇಕಂದ್ರೆ ನಾನು ಅದನ್ನ ಗಮನಿಸೇ ಇರಲಿಲ್ಲ, ನಲವತ್ತು ವರ್ಷ ಅಂಥಾ ಸೀನ್ ನೋಡಿ ನೋಡಿ ಕಣ್ಣಿಗೆ ಪೊರೆ ಬಂದಿದೆ. ರೂಲ್ ಮುರಿದು ಅವಳ ಮಾತನ್ನ ನನ್ನ ಚೀಟಿ ಕೆಳಗೆ ಅವಳ ಕೈಲೇ ಬರೆಸಿದೆ.

ಆಮೇಲಿಂದ ಹಳೇ ಸಿನಿಮಾ ನೋಡೋವಾಗಲೂ ಅವಳ ಕಣ್ಣು ಸ್ವಲ್ಪ ನಂಗೆ ಅಂಟ್ಕೊಂಡಿದೆ. ನಾಗರಹಾವು ತಗೊಳ್ಳಿ, 1972ರದ್ದು. ಚಾಮಯ್ಯ ಮೇಷ್ಟ್ರು ಮಾಡಿದ ಕೆ.ಎಸ್. ಅಶ್ವಥ್ ನಮ್ಮ ಮೈಸೂರಿನವರೇ, ಅವರನ್ನ ಕಂಡ್ರೆ ಊರಿಗೇ ಗೌರವ, ಹಾಗಾಗಿ ಮೇಷ್ಟ್ರು ಹೇಳಿದ್ದೆಲ್ಲ ಸರಿ ಅಂತಲೇ ನಾನು ಬೆಳೆದಿದ್ದು. ಚಿಕ್ಕೋನಿದ್ದಾಗ ರಾಮಾಚಾರಿಗೆ ಅಯ್ಯೋ ಅಂದಿದ್ದೆ. ಹೋದ ವರ್ಷ ನೋಡಿದಾಗ ರಾಮಾಚಾರಿ ಪ್ರೀತಿಸಿದ ಅಲಮೇಲು ಬಗ್ಗೇನೇ ಯೋಚನೆ, ಅವಳನ್ನ ಬಿಟ್ಬಿಡು ಅಂತ ಮೇಷ್ಟ್ರು ಕೇಳಿದ್ರು, ಶಿಷ್ಯ ಬಿಟ್ಟುಕೊಟ್ಟ, ಅವಳ ಬದುಕು ಆಮೇಲೆ ಏನಾಯ್ತು ನೋಡಿ, ಅವಳನ್ನ ಒಬ್ರಾದ್ರೂ ಕೇಳಿದ್ರಾ? ಡೈರೆಕ್ಟರ್ ಪುಟ್ಟಣ್ಣ ಕಣಗಾಲ್ ಬೇಕಂತಲೇ ಹಾಗೆ ಇಟ್ಟಿದಾರೆ ಅನ್ನಿಸುತ್ತೆ, ಯಾಕಂದ್ರೆ ಕೊನೇಲಿ ಮೇಷ್ಟ್ರನ್ನೂ ಅವರು ಸುಮ್ನೆ ಬಿಡಲ್ಲ.

ಶರಪಂಜರ ಅದಕ್ಕೂ ಒಂದು ವರ್ಷ ಹಿಂದಿನದು. ಕಾದಂಬರಿ ತ್ರಿವೇಣಿ ಅವರದು, ಚಾಮರಾಜಪುರಂನಲ್ಲಿ ಅವರ ಮನೆ ಈಗ ಮ್ಯೂಸಿಯಂ ಆಗಿದೆ. ಹೆರಿಗೆ ಆದ್ಮೇಲೆ ಮನಸ್ಸು ಕೆಟ್ಟು ಆಸ್ಪತ್ರೆಗೆ ಸೇರಿ ಗುಣ ಆಗಿ ಬರ್ತಾಳಲ್ಲ ಕಾವೇರಿ, ಮನೇಲಿ ಎಲ್ರೂ ಅವಳನ್ನ ಇನ್ನೂ ಹುಚ್ಚಿ ಅಂತಲೇ ನೋಡ್ತಾರೆ, ಅಲ್ಲಿಂದ ಮುಂದಕ್ಕೆ ಕಲ್ಪನಾ ಮುಖದ ಮೇಲಿಂದ ಕಣ್ಣು ತೆಗೆಯೋಕಾಗಲ್ಲ. ಮೊದಲರ್ಧದ ಹಾಡು ಕುಣಿತ ಉದ್ದ ಆಯ್ತು ಅಂತ ಚೀಟೀಲಿದೆ, ಎರಡನೇ ಚೀಟೀಲಿ ಆ ಹಾಡುಗಳು ಇಲ್ದೆ ಇದ್ರೆ ಆಮೇಲಿಂದು ಅಷ್ಟು ಚುಚ್ತಿರಲಿಲ್ಲ ಅಂತ ಇದೆ. ಎರಡೂ ನಂದೇ.

ಘಟಶ್ರಾದ್ಧಕ್ಕೆ ಚೀಟಿ ಇಲ್ಲ. ಚಿಕ್ಕವನಾಗಿದ್ದಾಗ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಬಂದ ಸಿನಿಮಾ ಹಾಕ್ತಿದ್ರಲ್ಲ, ಅಲ್ಲಿ ನೋಡಿದ್ದು, ಯಮುನಕ್ಕ ಹುತ್ತಕ್ಕೆ ಕೈ ಹಾಕೋದು ನೋಡಿ ರಾತ್ರಿ ನಿದ್ದೆ ಬರ್ಲಿಲ್ಲ. ಡೈರೆಕ್ಟರ್ ಗಿರೀಶ್ ಕಾಸರವಳ್ಳಿ ಅದನ್ನ ಮಾಡಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. 2024ರಲ್ಲಿ ಹಳೇ ಪ್ರಿಂಟ್ ಸರಿ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರ್ಸಿದ್ರು, ಅದು ದೊಡ್ಡ ಪರದೆ ಮೇಲೆ ನಮ್ಮೂರಿಗೆ ಬಂದಾಗಲೇ ನೋಡಿ ಬರೀತೀನಿ ಅಂತ ಖಾಲಿ ಚೀಟೀನೇ ಇಟ್ಟಿದೀನಿ, ಮೇಲೆ ಹೆಸರು ಮಾತ್ರ ಬರೆದು.

ಒಂದು ವಿಷಯ ಚೀಟಿಗಳನ್ನ ಒಟ್ಟಿಗೆ ಹರವಿಕೊಂಡು ಕೂತಾಗ ಕಂಡಿದ್ದು. ಯಾರಾದ್ರೂ ಕೇಳಿದ್ರೆ ನಂಗೆ ಫೈಟ್ ಇರೋ ಸಿನಿಮಾ ಇಷ್ಟ ಅಂತಲೇ ಹೇಳ್ತಿದ್ದೆ, ನಿಜವಾಗ್ಲೂ ಹಾಗೇ ಅನ್ಕೊಂಡಿದ್ದೆ. ಚೀಟೀಲಿ ನೋಡಿದ್ರೆ ಫೈಟ್ ಬಗ್ಗೆ ಹುಡುಕಿದ್ರೂ ಹತ್ತು ಸಾಲಿಲ್ಲ. ಇರೋದೆಲ್ಲ ಯಾರು ಏನು ಕೆಲಸ ಮಾಡ್ತಿದ್ರು ಅಂತ. ಟಾರ್ಚ್ ಬಿಡೋ ಹುಡುಗ, ಗಲ್ಲು ಹಾಕೋ ಮುದುಕ, ಬಂಗಾರದ ಮನುಷ್ಯದಲ್ಲಿ ಬಾವಿ ತೋಡೋದು, ಬರಡು ಭೂಮಿ ಹಸನು ಮಾಡೋದು. ಅಪ್ಪನಿಗೆ ಆ ಸಿನಿಮಾ ದೇವರ ಪಟದ ಸಮ, ಬೆಂಗಳೂರಿನ ಸ್ಟೇಟ್ಸ್ ಥಿಯೇಟರಲ್ಲಿ ಎರಡು ವರ್ಷ ಓಡಿತ್ತು ಕಣೋ ಅಂತ ಇವತ್ತಿಗೂ ಹೇಳ್ತಾರೆ, ನಂಗೆ ಆ ಕೊನೇ ತ್ಯಾಗ ಅಷ್ಟು ಹಿಡಿಸಲ್ಲ, ಆದ್ರೆ ಮಣ್ಣಲ್ಲಿ ಕೆಲಸ ಮಾಡೋ ರಾಜ್‌ಕುಮಾರ್ ಸಾಕು. ಇದು ಗೊತ್ತಾದ್ಮೇಲೆ ಹೊಸ ಸಿನಿಮಾ ಟ್ರೈಲರ್ ಬಂದ್ರೆ ನಾನು ಮೊದಲು ನೋಡೋದೇ ಹೀರೋಗೆ ಉದ್ಯೋಗ ಏನು ಅಂತ. ನಮ್ಮಲ್ಲಿ ಎಷ್ಟು ಹೀರೋಗಳಿಗೆ ಉದ್ಯೋಗನೇ ಇಲ್ಲ ಅನ್ನೋದು ಆಗ ತಲೆಗೆ ಹೋಯ್ತು, ಸ್ಲೋಮೋಷನ್ನಲ್ಲಿ ಕಾರಿಂದ ಇಳೀತಾರೆ, ಪೆಟ್ರೋಲಿಗೆ ಯಾರು ಕೊಡ್ತಾರೋ. ಹಾಗಂತ ಇದೇನು ಸಿದ್ಧಾಂತ ಅಲ್ಲ, ಮುಂಗಾರು ಮಳೆ ಹುಡುಗನಿಗೂ ಕೆಲಸ ಇಲ್ಲ, ಅದನ್ನ ಮತ್ತೆ ನಾಲ್ಕು ಸಲ ನೋಡಿದೋನೂ ನಾನೇ.

ಮಧ್ಯ ಒಂದು ವರ್ಷ ಈ ಚೀಟಿ ಫೋಟೋ ತೆಗೆದು ಸ್ನೇಹಿತರ ವಾಟ್ಸಾಪ್ ಗ್ರೂಪಿಗೆ ಹಾಕ್ತಿದ್ದೆ. ತಪ್ಪು ಮಾಡಿದೆ. ಎರಡು ತಿಂಗಳಲ್ಲಿ ನನ್ನ ಬರವಣಿಗೆನೇ ಬದಲಾಯ್ತು, ಯಾರು ನಗ್ತಾರೆ, ಯಾರಿಗೆ ಉರಿಯುತ್ತೆ ಅಂತ ನೋಡ್ಕೊಂಡು ಬರೆಯೋಕೆ ಶುರು ಮಾಡಿದೆ. ಆ ವರ್ಷದ ಚೀಟಿ ಈಗ ಓದಿದ್ರೆ ಯಾರದೋ ಥರ ಕೇಳುತ್ತೆ, ಎಲ್ಲ ಜೋಕು. ನಿಲ್ಸಿದೆ.

ಇನ್ನು ಆ ಮೂರು ವರ್ಷ. 2009, 10, 11ರ ಕಟ್ಟುಗಳನ್ನ ಗೋಡೌನಲ್ಲಿ ಕೆಳಗೆ ಇಟ್ಟಿದ್ದೆ, ಗೆದ್ದಲು ಹಿಡಿದು ಮಣ್ಣಾಗಿತ್ತು. ಪ್ರೆಸ್ಸಿನವನ ಹತ್ರ ಪೇಪರಿಗೆ ಗೆದ್ದಲು ಬರೋದು ಹೊಸದೇನಲ್ಲ, ಆದ್ರೂ ಹೊಟ್ಟೆ ಉರೀತು. ನೆನಪಿಂದ ಮತ್ತೆ ಬರೆಯೋಣ ಅಂತ ಕೂತೆ, ಸಿನಿಮಾ ನೆನಪಿದಾವೆ, ನಾನು ಏನನ್ಕೊಂಡಿದ್ದೆ ಅನ್ನೋದು ಒಂದೂ ನೆನಪಿಲ್ಲ. ಎದ್ದೇಳು ಮಂಜುನಾಥ, ಮನಸಾರೆ, ಜಾಕಿ, ಎಲ್ಲ ಆ ಕಾಲದವೇ.

ಜಾಕಿ 2024ರ ಮಾರ್ಚಲ್ಲಿ ಪುನೀತ್ ಹುಟ್ಟುಹಬ್ಬಕ್ಕೆ ಅಂತ ಮತ್ತೆ ಥಿಯೇಟರಿಗೆ ಬಂತು. ಹೋದೆ. 2010ರಲ್ಲಿ ನೋಡಿದ್ದಾಗ ಸೂರಿ ಮಾಡಿದ ಜೋರು ಸಿನಿಮಾ, ಹಾಡು ಬೆಂಕಿ ಅಂತ ಏನೋ ಬರೆದಿರ್ತೀನಿ, ಅಷ್ಟೇ ಇರ್ಬೇಕು. ಈ ಸಲ ಹಾಲಲ್ಲಿ ಮೊದಲ ಹಾಡಿಗೆ ಹುಡುಗರೆಲ್ಲ ಸ್ಕ್ರೀನ್ ಹತ್ರ ಹೋಗಿ ಕುಣೀತಿದ್ರು, ನಾಣ್ಯ, ಪೇಪರ್ ಚೂರು ಎರಚ್ತಿದ್ರು, ಆ ಪೇಪರ್ ಚೂರು ಕಟಿಂಗ್ ಮಷಿನ್ನಿಂದು ಅಂತ ನನ್ನ ಕಣ್ಣಿಗೆ ಗೊತ್ತಾಯ್ತು, ಯಾವುದೋ ಪ್ರೆಸ್ಸಿಂದ ತಂದಿದಾರೆ. ಫೈಟಿಗೆ ಶಿಳ್ಳೆ, ಡೈಲಾಗಿಗೆ ಶಿಳ್ಳೆ. ಪುನೀತ್ ಸುಮ್ನೆ ನಗೋ ಶಾಟಿಗೆ ಮಾತ್ರ ಯಾರೂ ಶಿಳ್ಳೆ ಹೊಡೀಲಿಲ್ಲ, ಪಕ್ಕದ ಸೀಟಲ್ಲಿದ್ದ ಇಪ್ಪತ್ತರ ಹುಡುಗ ಮೊಬೈಲ್ ತೆಗೆದೋನು ವಿಡಿಯೋ ಮಾಡ್ದೆ ಹಾಗೇ ಕೈಲಿಟ್ಕೊಂಡು ಕೂತ.

ಮನೆಗೆ ಬಂದು ಚೀಟಿ ತೆಗೆದೆ. ಹೆಸರು, ತಾರೀಖು ಬರೆದೆ, ಕೆಳಗೆ "ನಗು. ಟೈಮ್ ನೋಡ್ಲಿಲ್ಲ" ಅಂತ ಬರೆದು ಮಿಕ್ಕ ಐದು ಸಾಲಿನ ಜಾಗ ಹಾಗೇ ಬಿಟ್ಟೆ.